ಗಂಗಾಳದ ಮೇಲಿನ ಹೆಸರುಗಳು

ಮಕ್ಕಳೇ, ಮುಂಬಯಿಯ ಭಾಂಡುಪ್‌ನಲ್ಲಿ ನಮ್ಮ ಚಾಳಿಗೆ, ಆ ಸಾಲುಕೋಣೆಗಳ ವಠಾರಕ್ಕೆ, ನಲ್ಲಿ ತಂದವಳು ನಾನು—ಸುಳ್ಳು ಹೇಳಿ ತಂದೆ. ತೀರಿಹೋದ ನಿಮ್ಮ ಅಜ್ಜನಿಗೂ ಇದನ್ನು ಹೇಳಲಿಲ್ಲ.

ಐವತ್ತರ ದಶಕದ ಮಾತು. ಮುನ್ಸಿಪಾಲಿಟಿ ಸಾಲ ಎತ್ತಿ ಉಪನಗರಗಳಿಗೆ ನೀರಿನ ಪೈಪು ಹಾಕಿಸುತ್ತಿತ್ತು. ಆ ವರ್ಷ ನಮ್ಮ ಓಣಿಯ ಪಾಲಿಗೆ ಬಂದ ಹಣ ಒಂದೇ ನಲ್ಲಿಗೆ ಸಾಲುವಷ್ಟು. ನಮ್ಮ ಚಾಳಿಗೋ, ಎದುರಿನದಕ್ಕೋ? ಜನ ಹೆಚ್ಚಿರುವ ಕಡೆಗೆ ಎಂದರು. ಹೆಚ್ಚಿದ್ದದ್ದು ಎದುರಿಗೆ—ನಮಗೆಲ್ಲ ಗೊತ್ತಿತ್ತು. ಅವರೂ ನಮ್ಮಂತೆಯೇ ರೈಲುಹಳಿ ದಾಟಿ ಬಾವಿಯ ನೀರು ಹೊರುತ್ತಿದ್ದರು.

ಗುಮಾಸ್ತ ಎಣಿಸಲು ಬಂದಾಗ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಇಲ್ಲದವರನ್ನು ಎಣಿಸುವುದು ಹೇಗೆ? “ಉಣ್ಣುವ ಗಂಗಾಳ ತೋರಿಸಿ, ಬಾಯಿಯವರೇ” ಎಂದ, ಮರಾಠಿಯಲ್ಲಿ. ಬೆಳಗಾವಿ ಕಡೆಯ ನನಗೆ ಮರಾಠಿ ಬರುತ್ತಿತ್ತು. ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕನ್ನಡವನ್ನೂ ಓದಿದ್ದೆ. ಅದಕ್ಕೇ ನನ್ನನ್ನು ಮುಂದೆ ತಳ್ಳಿದರು—ಪರಗಂಡಸರೆದುರು ತುಟಿ ಬಿಚ್ಚದ ನನ್ನನ್ನು.

ನಮ್ಮಲ್ಲಿ ಮದುವೆಗೆ ಪಾತ್ರೆ ಕೊಡುವವರು ತಮ್ಮ ಹೆಸರನ್ನು ಕನ್ನಡದಲ್ಲಿ ಕೆತ್ತಿಸಿ ಕೊಡುತ್ತಾರೆ. ಕನ್ನಡ ಓದಲು ಬಾರದ ಗುಮಾಸ್ತ ನನ್ನ ಗಂಗಾಳವೊಂದನ್ನು ತಿರುಗಿಸಿ ನೋಡಿದ. “ಇದು ಕೊಟ್ಟವರ ಹೆಸರೋ, ಉಣ್ಣುವವರದೋ?”

ಒಂದು ಗಳಿಗೆ ಇತ್ತು—ನಿಜ ಹೇಳಲು ಬೇಕಾದಷ್ಟು ಸಮಯ...

“ಉಣ್ಣುವವರದು” ಎಂದೆ.

ಮುಂಬಯಿಯನ್ನೇ ಕಾಣದ ಸೋದರಮಾವ ರುದ್ರಪ್ಪ ಗುಮಾಸ್ತನ ಪುಸ್ತಕಕ್ಕೆ ಹತ್ತಿದ. ಸತ್ತು ಹೋಗಿದ್ದ ನನ್ನ ಅಜ್ಜನೂ ಹತ್ತಿದ. ಪಕ್ಕದ ಖೋಲಿಯ ನೀಲವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡು, “ನಮ್ಮ ಮನ್ಯಾಗೂ ಒಂಬತ್ತ ಅದಾವ, ಬಾ ತಂಗಿ, ಓದು” ಎಂದು ಕೈ ಹಿಡಿದು ಎಳೆದಳು. ಹದಿನಾರು ಖೋಲಿ ಓದಿದೆ. ಕೊನೆಯ ಖೋಲಿಗೆ ಬರುವಷ್ಟರಲ್ಲಿ ನನ್ನ ದನಿ ಓಣಿಗೇ ಕೇಳುತ್ತಿತ್ತು.

ನಲ್ಲಿ ನಮಗೆ ಬಂತು. ನನ್ನ ಕೈಯಿಂದಲೇ ತೆರೆಸಿದರು—ಆ ನೀರಿನ ರಭಸ, ಆ ಹೆಂಗಸರ ಕೇಕೆ... ಗೆದ್ದೆವು ಎನ್ನಿಸಿತು. ಈಗಲೂ ಎನ್ನಿಸುತ್ತದೆ.

ಎದುರು ಚಾಳಿನ ಗಿರಿಜಕ್ಕ ಉಡುಪಿ ಕಡೆಯವರು, ಏಳು ತಿಂಗಳ ಬಸುರಿ. ಖಾಲಿ ಕೊಡ ಹಿಡಿದು ನಿಂತು, “ಅಷ್ಟು ಜನ ನಿಮ್ಮಲ್ಲಿ ಮಲಗುವುದು ಎಲ್ಲಿ ಮಾರಾಯ್ತಿ? ಮೊಳೆ ಹೊಡೆದು ಗೋಡೆಗೆ ನೇತು ಹಾಕುವುದಾ?” ಎಂದರು. ನಾನು ನನ್ನ ಕೊಡವನ್ನು ನಲ್ಲಿಗೆ ಒಡ್ಡಿದೆ. ನೀರು ಬರುತ್ತಿದ್ದುದು ದಿನಕ್ಕೆ ಒಂದೇ ತಾಸು, ನಮ್ಮ ಕೊಡಗಳಿಗೇ ಸಾಲದು. ಅವರು ಹಳಿ ದಾಟುತ್ತಲೇ ಇದ್ದರು, ತುಂಬು ಬಸಿರಿನಲ್ಲಿ, ಆಮೇಲೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು.

ಮರುವರ್ಷ ಮತ್ತೆ ಹಣ ಬಂದಿದೆಯೆಂದು ತಿಳಿದಾಗ ಗಿರಿಜಕ್ಕನನ್ನು ಕರೆದುಕೊಂಡು ನಾನೇ ವಾರ್ಡ್ ಆಫೀಸಿಗೆ ಹೋದೆ. ಅದೇ ಗುಮಾಸ್ತ. “ನಿಮಗೆ ನಲ್ಲಿ ಬಂತಲ್ಲ ಬಾಯಿಯವರೇ, ಇನ್ನೇನು?”

“ನಮ್ಮ ನಲ್ಲಿಯ ಸಾಲ ತೀರುವುದು ಇವರ ತೆರಿಗೆಯಿಂದಲೂ ಅಲ್ಲವೇ? ಇವರಿಗೆ ಹನಿ ನೀರಿಲ್ಲ. ಬರೆದುಕೊಳ್ಳಿ” ಎಂದೆ. ದನಿ ನಡುಗಲಿಲ್ಲ. ಆತ ಬರೆದುಕೊಂಡ.

ಅವರ ನಲ್ಲಿಗೆ ತೆಂಗಿನಕಾಯಿ ಒಡೆಯಲು ನನ್ನನ್ನೇ ಕರೆದರು. “ನೀನಿಲ್ಲದಿದ್ದರೆ ಇದು ಬರುತ್ತಿರಲಿಲ್ಲ” ಎಂದು ಗಿರಿಜಕ್ಕ ಎಲ್ಲರ ಮುಂದೆ ಹೇಳಿದರು. ಒಡೆದೆ. ಆ ಹೊಗಳಿಕೆಯನ್ನೂ ಇಟ್ಟುಕೊಂಡೆ—ಇಷ್ಟು ವರ್ಷ.

ಎರಡು ನಲ್ಲಿ ತಂದವಳೆಂಬ ಹೆಮ್ಮೆಯನ್ನು ನಾನು ಬಿಡಲಾರೆ. ಆದರೆ ನಡುವಿನ ಆ ಒಂದು ವರ್ಷ ಅವರದು; ನಾನು ಕಸಿದದ್ದು. ಗಿರಿಜಕ್ಕ ಈಗ ಅಂಧೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಗುರುವಾರ ಹೋಗಿ ಇದನ್ನು ಹೇಳುತ್ತೇನೆ. ನೀವು ಯಾರೂ ಜೊತೆಗೆ ಬರಬೇಡಿ.