ಲಕ್ಷ ಜನರೂ ಮೂವರು ಅಣ್ಣಾಗಳೂ

ಕಳೆದ ವಾರ ನನ್ನ ಗಂಡ ಮನೆಯಲ್ಲೇ ಕೂತು ಲಕ್ಷ ಜನರನ್ನು ಹುಟ್ಟಿಸಿದರು. ಗಾಬರಿಯಾಗಬೇಡಿ, ಎಲ್ಲರೂ ಕಂಪ್ಯೂಟರಿನೊಳಗೇ ಇದ್ದಾರೆ.

ಯಡ್ರಾವ ಎಂಬ ಊರಿನಲ್ಲಿ ಅವರ ಕಾಕಾನ ಪವರ್‌ಲೂಮ್ ಕಾರ್ಖಾನೆ ಇದೆ. ಅಲ್ಲಿಯ ಹಾಜರಿಗೆ ಇವರು ಸಾಫ್ಟ್‌ವೇರ್ ಮಾಡಿದ್ದಾರೆ. ಇದೇ ಮೊದಲ ಆರ್ಡರ್. ಶಿಫ್ಟ್ ಬದಲಾಗುವಾಗ ಗೇಟಿನಲ್ಲಿ ಒಬ್ಬ ಆಳು ತಡೆದು ನಿಂತರೂ ಈ ಆರ್ಡರ್ ಕೊಲ್ಲಾಪುರದ ಕಂಪನಿಯವರಿಗೆ ಎಂದು ಕಾಕಾ ಮೊದಲೇ ಹೇಳಿದ್ದರು.

ಹಾಗಾಗಿ ಟೆಸ್ಟಿಂಗ್. ಅದಕ್ಕೆ ಲಕ್ಷ ಸುಳ್ಳು ಹೆಸರು. (ಕಾಕಾನ ಹತ್ತಿರ ಅಷ್ಟು ಜನ ಎಲ್ಲಿದ್ದಾರೆ ಎಂದು ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.) ಹೆಸರು ತಯಾರಿಸಲು ಶೆಲ್ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಅದು ಓಡಿತು, ಓಡಿತು. ನಾನು ಅಡುಗೆ ಮುಗಿಸಿ ಬಂದರೂ ಓಡುತ್ತಲೇ ಇತ್ತು.

"ಯಾಕ್ರೀ ಇಷ್ಟ ತಡಾ?"

"ಒಂದೊಂದ ಹೆಸರಿಗೂ ಬ್ಯಾರೆ ಪ್ರೋಗ್ರಾಂ ಚಾಲೂ ಆಗಿ ಬಂದ್ ಆಗಾಕತ್ತೇತಿ."

"ಅಯ್ಯ! ಒಂದೊಂದ ಮೆಣಸಿನಕಾಯಿ ಹಿಡ್ಕೊಂಡ ಗಿರಣಿಗೆ ಹೋದಂಗಾತಲ್ರೀ! ಚೀಲಾನ ಒಯ್ಯಬಾರದ?"

ಮುಖ ಗಂಟಿಕ್ಕಿದರು. ಆದರೂ ಒಂದೊಂದೇ ಹೆಸರು ಮಾಡುವ ಲೂಪ್ ಕಿತ್ತುಹಾಕಿ, ಎಲ್ಲವನ್ನೂ ಒಂದೇ ಕಮಾಂಡಿಗೆ ವಹಿಸಿದರು. ಚಹಾ ಕುದಿಯುವ ಮೊದಲೇ ಕಾಮಗಾರ್ 1, ಕಾಮಗಾರ್ 2 ಎನ್ನುತ್ತ ಲಕ್ಷದವರೆಗೂ ಆಳುಗಳು ತಯಾರು! ಸಾಫ್ಟ್‌ವೇರ್ ಅವರೆಲ್ಲರನ್ನೂ ಸಲೀಸಾಗಿ ಒಳಗೆ ಬಿಟ್ಟಿತು. ಇವರು ಮೀಸೆ ತಿರುವಿದರು.

ಮರುದಿನ ಯಡ್ರಾವದ ಗೇಟಿಗೆ ಹಾಜರಿ ಮಷಿನ್ ಕೂರಿಸಿದರು. ನಾನೂ ಹೋಗಿದ್ದೆ (ತಮಾಷೆ ಬಿಡಲಾದೀತೇ?). ಅಣ್ಣಾಸಾಹೇಬ ಪಾಟೀಲ ಎಂಬವರು ಕಾರ್ಡ್ ತೋರಿಸಿ ಒಳಹೋದರು. ಅವರ ಹಿಂದೆ ನಿಂತವರು ಕಾರ್ಡ್ ತೋರಿಸಿದರು. ಮಷಿನ್ ಕೆಂಪಾಯಿತು: 'ನೀವು ಆಗಲೇ ಒಳಗಿದ್ದೀರಿ.'

"ನಾ ಇಲ್ಲೇ ನಿಂತೇನಲ್ರೀ! ಒಳಗ ಯಾರ ಹೋಗ್ಯಾರ?"

ಅವರೂ ಅಣ್ಣಾಸಾಹೇಬ ಪಾಟೀಲರೇ. ನಮ್ಮ ಸಾಫ್ಟ್‌ವೇರ್ ಆಳನ್ನು ಗುರುತಿಸುತ್ತಿದ್ದದ್ದು ಬರೀ ಹೆಸರಿನಿಂದ! ಆ ಸುಳ್ಳು ಲಕ್ಷದಲ್ಲಿ ಒಂದೇ ಹೆಸರಿನ ಇಬ್ಬರು ಇರಲೇ ಇಲ್ಲ. ಸಾಲು ನಿಂತಿತು. ಇವರು ಬೆವರಿದರು.

ಕಾಕಾ ಬಂದು ಇವರನ್ನು ಕರೆದರು. "ಲೇ ಮಹಾವೀರಾ, ಒಳಗ ಹೋದಾಂವ ಬಿದ್ರಿ ಊರಾಂವ, ಬಿದ್ರಿ ಅಣ್ಣಾ. ಇಂವ ಚಷ್ಮಾ ಅಣ್ಣಾ. ಅಲ್ಲಿ ಹಿಂದ ನಿಂತಾಂವ ಬುಲೆಟ್ ಅಣ್ಣಾ. ಮೂರೂ ಮಂದಿ ಒಳಗ ಹೋಗೂತನಕ ನಿನ್ನ ಮಷಿನ್ ಗೇಟಿನ ಹೊರಗ."

ಆರ್ಡರ್ ಪೂರ್ತಿ ಹೋಗಿಲ್ಲ, ಪುಣ್ಯ. ಇವರೀಗ ಮತ್ತೆ ಟೆಸ್ಟಿಂಗಿಗೆಂದು ಒಂದೇ ಹೆಸರಿನ ಅಣ್ಣಾಗಳನ್ನು ಹುಟ್ಟಿಸುತ್ತ ಕೂತಿದ್ದಾರೆ.

ಅಂದಹಾಗೆ, ನನ್ನ ಭಾವನವರ ಹೆಸರೂ ಅಣ್ಣಾಸಾಹೇಬ ಪಾಟೀಲ. ಚಿಟಿಕೆ ಹೊಡೆಯುವುದರಲ್ಲಿ ಲಕ್ಷ ಜನರನ್ನು ಹುಟ್ಟಿಸಿದ ಮಹಾಶಯರಿಗೆ ಒಡಹುಟ್ಟಿದ ಅಣ್ಣನೇ ನೆನಪಾಗಲಿಲ್ಲವೇ?