ಸಾಸಿವೆ ಸಿಡಿಯುವುದರೊಳಗೆ

ಶ್ರೀನಿವಾಸಪುರದಲ್ಲಿ ನಮ್ಮ ಮಹಡಿ ಮನೆಗೆ, ವೆಬ್‌ಸೈಟ್ ಮಾಡಿಕೊಡುವ ಹುಡುಗಿಯೊಬ್ಬಳು ಬಾಡಿಗೆಗೆ ಬಂದಿದ್ದಳು. ಹೊಸ ಪುಟ ಸಿದ್ಧವಾದಾಗಲೆಲ್ಲ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು, ಸಿಗ್ನಲ್ ಸರಿಯಾಗಿ ಸಿಗದ ನನ್ನ ಅಡುಗೆಮನೆಗೇ ಇಳಿದು ಬರುತ್ತಿದ್ದಳು. "ಅಕ್ಕಾ, ಒಗ್ಗರಣೆಗಿಡಿ. ಸಾಸಿವೆ ಸಿಡಿಯೋದ್ರೊಳಗೆ ಪುಟ ಬರ್ಬೇಕು," ಎಂದು ನನ್ನ ಹಳೆಯ ಫೋನ್ ಎತ್ತಿಕೊಳ್ಳುತ್ತಿದ್ದಳು.

ಒಮ್ಮೆ ಮಾವಿನ ವ್ಯಾಪಾರಿ ಸಾಹೇಬರು ಬಂದರು. ಕಾಯಿ ಮಾಗುತ್ತಿತ್ತು, ಅವಳು ಮಾಡಿಕೊಟ್ಟ ಸೈಟಿನಿಂದ ಒಂದು ಆರ್ಡರೂ ಬಂದಿರಲಿಲ್ಲ. ಮೊದಲ ಪುಟದ ತುಂಬ ತೋಟದ ವಿಡಿಯೊ ಇರಲೇಬೇಕೆಂದು ಹಟ ಹಿಡಿದಿದ್ದವರು ಅವರೇ.

ನಾನು ಒಗ್ಗರಣೆಗಿಟ್ಟೆ; ಅವಳು ನನ್ನ ಫೋನಿನಲ್ಲಿ ಅವರ ಸೈಟ್ ಒತ್ತಿ ಅವರ ಕೈಗಿತ್ತಳು. ಸಾಸಿವೆ ಸಿಡಿಯಿತು, ಕರಿಬೇವೂ ಕಪ್ಪಾಯಿತು.

"ಏನಮ್ಮಾ, ಬರೀ ಸುತ್ತುತ್ತಾನೇ ಐತೆ!" ಎಂದು ಸಾಹೇಬರು ಫೋನ್ ಕೆಳಗಿಟ್ಟರು.

"ಕೊಳ್ಳೋರೂ ಹಿಂಗೇ ಇಟ್ಬಿಡ್ತಾರೆ, ಸಾಹೇಬ್ರೇ."

ಲ್ಯಾಪ್‌ಟಾಪ್ ತೆರೆದು ವಿಡಿಯೊ ತೆಗೆದುಹಾಕಿದಳು, ಹಣ್ಣಿನ ಬೆಲೆಯನ್ನು ಪುಟದ ಮೇಲ್ತುದಿಗೆ ತಂದಳು. ಈ ಸಲ ಸಾಸಿವೆ ಹಾಕಿದ್ದು ಸಾಹೇಬರೇ. ಒಂದು ಕಾಳೂ ಸಿಡಿಯುವ ಮೊದಲು ಫೋನಿನಲ್ಲಿ ಅವರ ಬಾದಾಮಿ ಮಾವಿನ ಬೆಲೆ ಕಾಣಿಸಿತು.

"ಒಲೆ ಆರಿಸಿ, ಅಕ್ಕಾ," ಎಂದಳು.