ಥರ್ಮಾಮೀಟರ್‌ನ ಬಲಗೈ

ನಮ್ಮಪ್ಪನನ್ನು ಕೆಲಸದ ಜಾಗದಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಥರ್ಮಾಮೀಟರ್. ದೊಡ್ಡ ಆಸ್ಪತ್ರೆಯೊಂದರ ಹಿಂಭಾಗದಲ್ಲಿ, ರೋಗಿಗಳ ಬಟ್ಟೆ ಒಗೆಯುವ ಕಟ್ಟಡಕ್ಕೆ ಬಿಸಿನೀರು, ಉಗಿ ಕೊಡುವ ಬಾಯ್ಲರನ್ನು ಮೂವತ್ತೊಂದು ವರ್ಷ ನೋಡಿಕೊಂಡವನು. ಕೊಳವೆಯ ಮೇಲೆ ಬಲಗೈ ಇಟ್ಟು ತೆಗೆದು "ಅರವತ್ತೆರಡು" ಎನ್ನುತ್ತಿದ್ದ. ಆಮೇಲೆ ಮೀಟರ್ ನೋಡಿದರೆ ಹೆಚ್ಚೆಂದರೆ ಒಂದು ಡಿಗ್ರಿ ಆಚೀಚೆ. ಹೊಸಬರ ಹತ್ತಿರ ಹೀಗೆ ಪಂದ್ಯ ಕಟ್ಟಿ ಅವನು ಕುಡಿದ ಬಿಟ್ಟಿ ಚಹಾಕ್ಕೆ ಲೆಕ್ಕವಿಲ್ಲ.

ಮನೆಯಲ್ಲೂ ಅದೇ ರಗಳೆ. ಅಮ್ಮ, "ಚಳಿ ಒಳಗೆ ಬರ್ತಿದೆ, ಬಾಗಿಲು ಹಾಕಿ" ಅಂದರೆ ಸಾಕು.

"ಚಳಿ ಎಲ್ಲಿಂದ್ಲೂ ಬರಲ್ಲ ಕಣೆ. ಬಿಸಿ ಆಚೆ ಹೋಗುತ್ತೆ. ಬಿಸಿ ಇರೋ ಕಡೆಯಿಂದ ಇಲ್ದೇ ಇರೋ ಕಡೆಗೆ. ಎರಡೂ ಸಮ ಆಗೋವರೆಗೂ ಹೋಗ್ತಾನೇ ಇರುತ್ತೆ."

"ಯಾವುದಾದ್ರೂ ಎಲ್ಲಿಗಾದ್ರೂ ಹೋಗ್ಲಿ. ಮೊದ್ಲು ಬಾಗಿಲು ಹಾಕಿ!"

ನಾನು ಊಟದ ಡಬ್ಬಿ ಕೊಡಲು ಹೋದಾಗ ಒಮ್ಮೆ, ಅಂಗಳದ ಮರದ ಬೆಂಚು, ಕಬ್ಬಿಣದ ಕಂಬಿ ಎರಡನ್ನೂ ಮುಟ್ಟಿಸಿ, ಯಾವುದು ಹೆಚ್ಚು ತಣ್ಣಗಿದೆ ಎಂದು ಕೇಳಿದ್ದ. ಕಬ್ಬಿಣ ಎಂದೆ.

"ದಡ್ಡಿ. ಎರಡೂ ಒಂದೇ ಗಾಳೀಲಿ ಬಿದ್ದಿವೆ, ಎರಡೂ ಒಂದೇ ಡಿಗ್ರಿ. ಕಬ್ಬಿಣ ನಿನ್ನ ಕೈ ಬಿಸಿನ ಬೇಗ ಎಳ್ಕೊಳ್ಳುತ್ತೆ, ಮರ ನಿಧಾನ. ಕೈ ಹೇಳೋದೆಲ್ಲ ನಿಜ ಅಂದ್ಕೋಬೇಡ."

ಬೇರೆಯವರ ಕೈಯ ಬಗ್ಗೆ ಇಷ್ಟೆಲ್ಲ ತಿಳಿದಿದ್ದ ಮನುಷ್ಯ ತನ್ನ ಕೈಯನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದ ಎಂದೇ ನಾನು ತಿಳಿದಿದ್ದೆ.

ಅಪ್ಪ ನಿವೃತ್ತನಾದ ತಿಂಗಳೊಪ್ಪತ್ತಿನಲ್ಲೇ ಅಮ್ಮನಿಗೆ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಸ್ಪರ್ಶ ಕಳೆದುಕೊಂಡಿತು, ಮಾತು ನಿಂತಿತು. ನಾನು ಸ್ನಾನ ಮಾಡಿಸಲು ಹೋದರೆ ಅಪ್ಪ ಅಡ್ಡ ನಿಂತ.

"ಇಷ್ಟು ವರ್ಷ ಯಾರ್ಯಾರದೋ ಬಟ್ಟೆಗೆ ನೀರು ಕಾಯಿಸ್ದೆ. ನಿಮ್ಮಮ್ಮಂಗೆ ಒಂದು ಬಕೆಟ್ ಕಾಯಿಸಿ ಕೊಟ್ಟಿಲ್ಲ. ಇನ್ಮೇಲೆ ಇದು ನನ್ನ ಕೆಲ್ಸ. ಇದನ್ನೂ ಕಿತ್ಕೋಬೇಡ."

ಹಾಗೆ ಕೇಳಿದ ಮೇಲೆ ದಾರಿ ಬಿಟ್ಟೆ. ಸಂಜೆ ಅಂಗಡಿಯಿಂದ ನೀರಿಗೆ ಹಾಕುವ ಥರ್ಮಾಮೀಟರ್ ಒಂದನ್ನು ತಂದೆ. ಅದನ್ನು ಕಂಡು ಅಪ್ಪ ಜೋರಾಗಿ ನಕ್ಕ. "ಥರ್ಮಾಮೀಟರ್‌ಗೇ ಥರ್ಮಾಮೀಟರ್ ತಂದ್ಯಾ?" ನಾನೂ ನಕ್ಕು ಅದನ್ನು ಕಪಾಟಿನಲ್ಲಿಟ್ಟೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸ್ನಾನ ಮಾಡಿಸತೊಡಗಿದ ಹನ್ನೊಂದನೆಯ ದಿನ ಅಪ್ಪ ಬಕೆಟ್‌ನಲ್ಲಿ ಬಲಗೈ ಅದ್ದಿ, "ಮೂವತ್ತೆಂಟು, ಹದವಾಗಿದೆ" ಎಂದ. ಅಮ್ಮನ ಎಡಗಾಲಿನ ಮೇಲೆ ಎರಡು ಚೊಂಬು ಸುರಿದ. ಅಮ್ಮ ಮಿಸುಕಲಿಲ್ಲ. ಮೂರನೆಯ ಚೊಂಬಿನ ನೀರು ಬಲಗಾಲಿಗೂ ಸಿಡಿದಾಗ ಅವಳ ಗಂಟಲಿನಿಂದ ಎಂಥದೋ ಸದ್ದು ಬಂತು. ನಾನು ಓಡಿಹೋಗಿ ನೋಡುವಷ್ಟರಲ್ಲಿ ಎಡಗಾಲು ಕೆಂಪಾಗಿ ಬೊಬ್ಬೆ ಏಳುತ್ತಿತ್ತು. ಬಕೆಟ್ಟಿನ ನೀರಿಗೆ ನನ್ನ ಬೆರಳು ತಾಗಿಸಲೂ ಆಗಲಿಲ್ಲ. ಅವಳ ಕಾಲಿಗೂ ಗೊತ್ತಾಗಿರಲಿಲ್ಲ, ಅವನ ಕೈಗೂ ಗೊತ್ತಾಗಿರಲಿಲ್ಲ.

ಡಾಕ್ಟರ್ ಅಮ್ಮನ ಕಾಲಿಗೆ ಪಟ್ಟಿ ಕಟ್ಟಿ, ಅಪ್ಪನ ಅಂಗೈಗೆ ಸೂಜಿ ಚುಚ್ಚಿ ನೋಡಿದರು. ವರ್ಷಗಟ್ಟಲೆ ಸುಟ್ಟು ಚರ್ಮ ಚಪ್ಪಲಿಯಷ್ಟು ದಪ್ಪವಾಗಿದೆ, ನರ ಸತ್ತಿವೆ ಎಂದರು. ಬಿಸಿ ಹೊರಹೋಗದಂತೆ ಕೊಳವೆಗಳಿಗೆ ದಪ್ಪ ಹೊದಿಕೆ ಸುತ್ತುತ್ತಿದ್ದವನ ಕೈಗೇ ಅಂಥ ಹೊದಿಕೆ ಬೆಳೆದಿತ್ತು. ಕೊನೆಗೆ ಕೈಯೇ ಕೈಕೊಟ್ಟಿತು.

ವಿಷಯ ತಿಳಿದು ಬಟ್ಟೆ ಒಗೆಯುವ ಕಡೆಯ ಮೇಸ್ತ್ರಿ ನೋಡಲು ಬಂದ. ಹೊರಡುವಾಗ ಮೆಟ್ಟಿಲ ಹತ್ತಿರ ನನ್ನನ್ನು ಕರೆದು, "ಕೊನೆ ನಾಕು ವರ್ಷ ಮೊದ್ಲೇ ಮೀಟರ್ ನೋಡ್ಕೊಂಡು ಆಮೇಲೆ ಕೈ ಇಡ್ತಿದ್ದ ಕಣಮ್ಮ. ನಮಗೆಲ್ಲ ಗೊತ್ತಿತ್ತು. ಹೇಳೋಕೆ ಮನಸ್ಸು ಬರ್ಲಿಲ್ಲ" ಎಂದ. ಅವರೆಲ್ಲರ ಒಳ್ಳೆಯತನದ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು.

ಆಮೇಲೆ ಸ್ನಾನದ ಕೆಲಸ ನನ್ನದಾಯಿತು. ಅಪ್ಪ ಬಚ್ಚಲಿನ ಹೊರಗೆ ಸ್ಟೂಲ್ ಹಾಕಿಕೊಂಡು ಕೂತು, "ಎಷ್ಟಿದೆ?" ಎಂದು ಕೇಳುತ್ತಿದ್ದ. ನಾನು ಥರ್ಮಾಮೀಟರ್ ನೋಡಿ "ಮೂವತ್ತೇಳು" ಎನ್ನುತ್ತಿದ್ದೆ. "ಇನ್ನೊಂದ್ಸಲ ನೋಡು" ಎನ್ನುತ್ತಿದ್ದ. ಅವನು ಮತ್ತೆ ಅಮ್ಮನನ್ನು ಮುಟ್ಟಿದ್ದನ್ನು ನಾನು ಕಾಣಲಿಲ್ಲ. ಮಾತ್ರೆಯನ್ನೂ ಚಮಚದಲ್ಲಿಟ್ಟು ಕೊಡುತ್ತಿದ್ದ. ಅಮ್ಮ ತನ್ನ ಬಲಗೈ ಚಾಚಿದರೆ ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಅವಳಿಗೆ ಸುಟ್ಟಿದ್ದಕ್ಕಿಂತ ಅದೇ ಹೆಚ್ಚು ನೋಯಿಸಿತು ಎಂದು ನನ್ನ ಅನಿಸಿಕೆ.

ಗಾಯ ಮಾಗಿತು. ಆದರೆ ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ನಾನು ಕಾಫಿ ಹಿಡಿದು ಕೋಣೆಗೆ ಹೋದಾಗ ಅಪ್ಪ ಮಂಚದ ಅಂಚಿನಲ್ಲಿ ಕೂತಿದ್ದ. ಅಮ್ಮನ ಬಲಗೈ ಅವನ ಎರಡೂ ಅಂಗೈಗಳ ನಡುವೆ ಇತ್ತು.

"ಏಳ್ತಾ ಇಲ್ಲ. ನನ್ನ ಕೈಗೆ ಏನೂ ಗೊತ್ತಾಗಲ್ಲ. ನೀನು ಮುಟ್ಟಿ ಹೇಳು."

ಹಣೆ ಮುಟ್ಟಿದೆ. ಪಕ್ಕದ ಗೋಡೆಯಷ್ಟೇ ತಣ್ಣಗಿತ್ತು. ನಂಬಲಾಗದೆ ಅವನ ಕೈಗಳ ನಡುವೆ ಬೆರಳು ತೂರಿಸಿ ಅಮ್ಮನ ಅಂಗೈ ಮುಟ್ಟಿದೆ.

"ಅಪ್ಪ! ಕೈ ಬೆಚ್ಚಗಿದೆ!"

ಅಪ್ಪ ತಲೆಯಾಡಿಸಿದ.

"ಅದು ನಂದು ಕಣೆ. ಬೆಳಗಿನ ಜಾವದಿಂದ ಹಿಡ್ಕೊಂಡಿದೀನಿ. ಬಿಟ್ರೆ ಹೋಗ್ಬಿಡುತ್ತೆ."